ನಾನೇ ನೆಟ್ಟ ಮರ

ನಾನೇ ನೆಟ್ಟು ಬೆಳೆಸಿದ ಮರವನ್ನು ನಾನೇ ಒಣಗಿಸಬೇಕಾಗಿ ಬಂದ ಕತೆ ಇದು.

ಬಾಪ ಮಂಗಳೂರು ಕಡೆಯಿಂದ ಕರಿಮೆಣಸಿನ ವ್ಯಾಪಾರಕ್ಕೆ ವಯನಾಡಿಗೆ ಬಂದು, ಪುಲ್ಪಳ್ಳಿ ಹತ್ತಿರ ನೆಲೆನಿಂತವರು. ವಯನಾಡು ಎಂದರೆ ಸದಾ ಮಳೆ ಎಂದುಕೊಂಡವರು ನಮ್ಮ ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿಗಳನ್ನು ಬೇಸಿಗೆಯಲ್ಲಿ ನೋಡಬೇಕು. ಪಶ್ಚಿಮದ ಲಕ್ಕಿಡಿಯಲ್ಲಿ ಧೋ ಎಂದು ಸುರಿದು ಉಳಿದ ಮಳೆಯಷ್ಟೇ ಕಬಿನಿ ದಡದ ನಮ್ಮ ಮೂಲೆಗೆ ಬರುವುದು. ಬಾವಿ ಬತ್ತುತ್ತದೆ, ಮೆಣಸಿನ ಬಳ್ಳಿ ಬಾಡುತ್ತದೆ. ನೆರಳು ಕೊಡುವ ಯಾವ ಮರವೂ ನಮಗೆ ಬರ್ಕತ್ತೇ.

ಮದ್ರಸದಲ್ಲಿ ಉಸ್ತಾದರು ಒಮ್ಮೆ ಹೇಳಿದ್ದರು: ನಾವು ನೆಟ್ಟದ್ದನ್ನು ಮನುಷ್ಯ ತಿಂದರೂ, ಹಕ್ಕಿ ತಿಂದರೂ, ಪ್ರಾಣಿ ತಿಂದರೂ ನಮಗದು ಸದಕ. ಆ ಹುರುಪಿನಲ್ಲಿ ರಸ್ತೆ ಬದಿಯಿಂದ ಒಂದು ಸಸಿ ಕಿತ್ತು ತಂದು ಅಂಗಳದಲ್ಲಿ ನೆಟ್ಟೆ. ಕೆಲವೇ ವರ್ಷಗಳಲ್ಲಿ ಅದು ಮನೆಯ ಸೂರು ದಾಟಿತು. ಕಕ್ಕೆ ಹೂವನ್ನು ನೆನಪಿಸುವ ಹಳದಿ ಹೂ. ಊರವರು ಮಂಜಕ್ಕೊನ್ನ ಎಂದರು. ಉಮ್ಮ ಅದರ ಬುಡದಲ್ಲಿ ಕೂತು ಮೀನು ಕ್ಲೀನ್ ಮಾಡುತ್ತಿದ್ದರು.

ಅದು ಕಕ್ಕೆ ಅಲ್ಲ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಅದು ಸೆನ್ನಾ ಸ್ಪೆಕ್ಟಾಬಿಲಿಸ್. ಅಮೆರಿಕ ಖಂಡದ ಉಷ್ಣವಲಯದ ಮರ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೆರಳಿಗೂ ಅಂದಕ್ಕೂ ಎಂದು ವಯನಾಡಿನಲ್ಲಿ ನೆಟ್ಟದ್ದು. ಇಂದು 344 ಚದರ ಕಿಲೋಮೀಟರಿನ ವಯನಾಡು ವನ್ಯಜೀವಿಧಾಮದಲ್ಲಿ ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿಗೆ ಹಬ್ಬಿದೆ. ಅದು ದಟ್ಟವಾಗಿ ಬೆಳೆದ ಕಡೆ ಕೆಳಗೆ ಹುಲ್ಲು ಏಳುವುದಿಲ್ಲ, ಊರ ಮರಗಳ ಸಸಿಗಳೂ ಏಳುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿ, ಆನೆ ಏನು ತಿನ್ನಬೇಕು? ಕಾಡಿನಲ್ಲಿ ಮೇವು ಸಿಗದ ಆನೆ ನಮ್ಮ ಬಾಳೆ ತೋಟಕ್ಕೆ ಬಂದರೆ ಆನೆಯನ್ನಷ್ಟೇ ಬೈದು ಏನು ಫಲ?

ಕಾಡಿನಲ್ಲಿ ಸೆನ್ನಾ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ ಕಾಟ್ಟುನಾಯ್ಕ ಸಮುದಾಯದ ಹಿರಿಯರೊಬ್ಬರು ನಮ್ಮಲ್ಲಿಗೂ ಮೆಣಸು ಕೊಯ್ಯಲು ಬರುತ್ತಿದ್ದರು. ಅವರ ಮನೆಮಾತು ಕನ್ನಡದ ಬಳಗದ್ದು. ನಾನು ಕನ್ನಡದಲ್ಲಿ ಕೇಳಿದರೆ ಅವರು ತಮ್ಮ ಮಾತಲ್ಲೇ ಉತ್ತರಿಸುತ್ತಿದ್ದರು. "ಕಡಿದರೆ ಸಾಯುವುದಿಲ್ಲ, ಒಂದು ಬುಡಕ್ಕೆ ಹತ್ತು ಚಿಗುರು" ಎಂದರು. ಸಣ್ಣದನ್ನು ಬೇರು ಸಮೇತ ಕೀಳಬೇಕು. ದೊಡ್ಡದರ ತೊಗಟೆಯನ್ನು ಎದೆಮಟ್ಟದಿಂದ ಬುಡದವರೆಗೆ ಸುತ್ತಲೂ ಸುಲಿದು, ನಿಂತಲ್ಲೇ ಒಣಗಲು ಬಿಡಬೇಕು. ಆಮೇಲೂ ಚಿಗುರು ಬಂತಾ ಎಂದು ನೋಡುತ್ತಿರಬೇಕು.

ಉಮ್ಮ ಒಪ್ಪಲಿಲ್ಲ. "ಜೀವ ಇರುವ ಮರ ಮೋನೇ, ತಪ್ಪಲ್ಲವಾ? ಹೂವಿಗೆ ಜೇನುನೊಣ ಬರುತ್ತದಲ್ಲ?" ಅದೂ ನಿಜವೇ. ನನ್ನ ಬಳಿ ಉತ್ತರ ಇರಲಿಲ್ಲ. ಒಂದು ಮಧ್ಯಾಹ್ನ ಅವರನ್ನು ಮೆಣಸಿನ ತೋಟಕ್ಕೆ ಕರೆದುಕೊಂಡು ಹೋಗಿ, ಆ ಮರದ ಬೀಜದಿಂದ ಎದ್ದ ಸಸಿಗಳನ್ನು ಇಬ್ಬರೂ ಎಣಿಸಿದೆವು. ನೂರು ದಾಟಿದ ಮೇಲೆ ಉಮ್ಮ ಎಣಿಸುವುದನ್ನು ಬಿಟ್ಟರು. ನಮ್ಮ ಬೇಲಿಯಾಚೆ ತೋಡು, ತೋಡಿನಾಚೆ ಕಾಡು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀನೇ ಮಾಡು, ಬೇರೆಯವರಿಂದ ಮಾಡಿಸಬೇಡ" ಎಂದರು.

ಸುಲಿದೆ. ಎಲೆಯೆಲ್ಲ ಉದುರಿ ಮರ ಪೂರ್ತಿ ಒಣಗಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ದಿನಾ ಅದರ ಮುಂದೆಯೇ ಓಡಾಡುವುದು ಸುಲಭವಿರಲಿಲ್ಲ.

ಕಿತ್ತರೆ ಮುಗಿಯಲಿಲ್ಲ, ಖಾಲಿ ಬಿಟ್ಟರೆ ಲಂಟಾನ ಬರುತ್ತದೆ. ಪೇರ್ಯದ ಗುರುಕುಲ ಸಸ್ಯಧಾಮದವರು 1981ರಿಂದ ಪಶ್ಚಿಮ ಘಟ್ಟದ ಗಿಡಗಳನ್ನು ಉಳಿಸಿ ಬೆಳೆಸುತ್ತಿದ್ದಾರೆ. ಆದರೆ ಅದು ಮಳೆಕಾಡಿನ ಸೀಮೆ. ಅಲ್ಲಿಯ ಗಿಡ ನಮ್ಮ ಒಣನೆಲಕ್ಕೆ ಹೊಂದುವುದಿಲ್ಲ. ಹಾಗಾಗಿ ನಮ್ಮೂರಿನ ಹೊಲದ ಬದುಗಳಲ್ಲಿ ಉಳಿದಿದ್ದ ಮರಗಳಿಂದಲೇ ಹೊನ್ನೆ, ಮತ್ತಿ, ನೆಲ್ಲಿಯ ಬೀಜ ಆರಿಸಿ ತಂದೆ. ಮೊದಲ ಬೇಸಿಗೆಯಲ್ಲಿ ಅರ್ಧಕ್ಕರ್ಧ ಸತ್ತವು. ಮರುವರ್ಷ ಮಳೆ ಶುರುವಾದ ಕೂಡಲೇ ನೆಟ್ಟು, ಬುಡಕ್ಕೆ ತರಗೆಲೆ ಹೊದಿಸಿದೆ. ಒಂಬತ್ತು ಉಳಿದಿವೆ.

ಈ ಮರಗಳಿಗೆ ಅವಸರವಿಲ್ಲ. ಮೂರು ವರ್ಷದ ಹೊನ್ನೆ ಇನ್ನೂ ನನ್ನ ಸೊಂಟ ಮುಟ್ಟಿಲ್ಲ. ಅದರ ನೆರಳಲ್ಲಿ ಉಮ್ಮ ಕೂರುವುದಿಲ್ಲ, ಅದು ಅವರಿಗೂ ಗೊತ್ತು. ಆದರೂ ಐದು ಹೊತ್ತೂ ವುಳೂ ಮಾಡಿದ ನೀರು ಹರಿದುಹೋಗದಂತೆ ಬಕೆಟಿನಲ್ಲಿ ಹಿಡಿದು ಅದರ ಬುಡಕ್ಕೇ ಹಾಕುತ್ತಾರೆ.

ಪರಿಸರ ದಿನಕ್ಕೆ ಮಸೀದಿ, ಮದ್ರಸದ ಅಂಗಳದಲ್ಲಿ ಗಿಡ ನೆಡುವವರಲ್ಲಿ ನನ್ನದೊಂದು ವಿನಂತಿ: ನೆಡುವ ಮೊದಲು ಅದರ ಹೆಸರು ಕೇಳಿ, ಊರು ಕೇಳಿ. ಈ ನೆಲದ ಹಕ್ಕಿ, ಪ್ರಾಣಿ ಅದರಿಂದ ಏನು ತಿನ್ನುತ್ತವೆ ಎಂದೂ ಕೇಳಿ. ಉಸ್ತಾದರು ಅಂದು ಹೇಳಿದ್ದೂ ಅದನ್ನೇ. ನಾನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ.