ಗವಿಪುರದ ಮನೆ, ಮಡಿಕೇರಿಯ ಅರಮನೆ

ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲವನ್ನು ದಾಟಿದೊಡನೆ ಬೆಂಗಳೂರು ಕೋಟೆಯ ಅಳಿದುಳಿದ ಭಾಗ ಎದುರಾಗುತ್ತದೆ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೇನೆ ಗೋಡೆಯೊಡೆದು ನುಗ್ಗಿದ ಸ್ಥಳವನ್ನು ಅಲ್ಲಿ ಕಲ್ಲೊಂದು ತೋರುತ್ತದೆ. ಅಂದು ಮಡಿದ ಕಿಲ್ಲೇದಾರ ಬಹಾದ್ದೂರ್ ಖಾನನಾಗಲಿ, ಅವನೊಡನೆ ಬಿದ್ದವರ ಮನೆಮಂದಿಯಾಗಲಿ ಆ ಕಲ್ಲಿನ ಲೆಕ್ಕಕ್ಕೆ ಬಂದಿಲ್ಲ.

ಅಂಥ ಲೆಕ್ಕವನ್ನು ಹಿಡಿದ ಕಾದಂಬರಿಕಾರರೊಬ್ಬರ ಊರು ಅಲ್ಲಿಂದ ಬಹುದೂರವೇನಲ್ಲ. ಚಾಮರಾಜಪೇಟೆಯನ್ನು ಹಾದು, ಸಾಹಿತ್ಯ ಪರಿಷತ್ತಿನ ಕಟ್ಟಡವನ್ನು ಹಿಂದೆ ಬಿಟ್ಟು, ದಕ್ಷಿಣಕ್ಕೆ ನಡೆದರೆ ಗಂಗಾಧರೇಶ್ವರನ ಗವಿಪುರ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಾಳಿದ್ದು ಇಲ್ಲಿ.

ಮಾಸ್ತಿಯವರನ್ನು ಸಣ್ಣಕತೆಗಳ ಸೌಮ್ಯ ಹಿರಿಯರೆಂದೇ ನೆನೆಯುವವರು ಹೆಚ್ಚು. ಆದರೆ ಅವರ ಎರಡು ದೊಡ್ಡ ಕಾದಂಬರಿಗಳೂ ರಾಜ್ಯನಾಶದ ಕಥೆಗಳೇ. ‘ಚೆನ್ನಬಸವನಾಯಕ’ದಲ್ಲಿ 1763ರಲ್ಲಿ ಹೈದರನ ವಶವಾದ ಬಿದನೂರು, 1956ರ ‘ಚಿಕವೀರ ರಾಜೇಂದ್ರ’ದಲ್ಲಿ 1834ರಲ್ಲಿ ಕಂಪೆನಿಯ ಪಾಲಾದ ಕೊಡಗು. ಎರಡನೆಯದರಲ್ಲಿ ಕಂಪೆನಿಯ ದಂಡು ಬರುವುದು ತೀರ ಕೊನೆಗೆ. ಅಷ್ಟು ಹೊತ್ತಿಗೆ ಸೋಲು ಅರಮನೆಯೊಳಗೇ ಮುಗಿದಿರುತ್ತದೆ. ಅಣ್ಣನ ಸೆರೆಯಿಂದ ತಂಗಿ ಓಡುತ್ತಾಳೆ. ಅವಳ ಹಸುಗೂಸು ಅಣ್ಣನ ಕೋಪಕ್ಕೆ ಬಲಿಯಾಗುತ್ತದೆ. ಪ್ರಭುವಿಗೆ ನಡೆದುಕೊಂಡಿದ್ದ ಬೋಪಣ್ಣನಂಥ ಮಂತ್ರಿ ನಾಡಿಗೋ ದೊರೆಗೋ ಎಂಬ ಇಕ್ಕಟ್ಟಿನಲ್ಲಿ ಸಿಲುಕುತ್ತಾನೆ. ರಾಣಿ ಗೌರಮ್ಮಾಜಿ ಕೆಟ್ಟ ಗಂಡನನ್ನು ಬಿಡಲಾರಳು, ಉಳಿಸಲಾರಳು. ರಣರಂಗದ ವರ್ಣನೆಯನ್ನು ಬಯಸಿ ಬಂದ ಓದುಗನಿಗೆ ನಿರಾಸೆಯಾದೀತು, ಆಗಲಿ. ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿ ಆಳುವವರ ಗುಣದೋಷಗಳನ್ನು ಬಲು ಹತ್ತಿರದಿಂದ ಕಂಡಿದ್ದ ಮಾಸ್ತಿಯವರು ಕತ್ತಿಗಿಂತ ಕುಟುಂಬವನ್ನೇ ನೋಡಿದರು. ಜ್ಞಾನಪೀಠದ ಮನ್ನಣೆ 1983ರಲ್ಲಿ ಬಂತು.

ಚರಿತ್ರೆಯ ಕಥೆಯೂ ಕಡಮೆ ಕ್ರೂರವಲ್ಲ. ಪದಚ್ಯುತ ದೊರೆ ಕಾಶಿಯಲ್ಲಿ ನೆಲೆಸಿ, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋದ. 1859ರಲ್ಲಿ ಲಂಡನ್ನಿನಲ್ಲೇ ತೀರಿದ. ಮಗಳು ಗೌರಮ್ಮ ಹುಟ್ಟಿದ್ದು 1841ರಲ್ಲಿ, ರಾಜ್ಯ ಹೋದ ಏಳು ವರ್ಷದ ಮೇಲೆ. ವಿಕ್ಟೋರಿಯಾ ರಾಣಿ ಅವಳಿಗೆ ಜ್ಞಾನಮಾತೆಯಾದಳು, ತನ್ನ ಹೆಸರನ್ನೇ ಕೊಟ್ಟಳು. 1864ರಲ್ಲಿ ಆ ಹುಡುಗಿಯೂ ಪರದೇಶದಲ್ಲೇ ಮಣ್ಣಾದಳು.

ಈ ದುಃಖವನ್ನೆಲ್ಲ ಕಾಗದಕ್ಕಿಳಿಸಿದವರು ಸಂಜೆಯಾಯಿತೆಂದರೆ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ಇಸ್ಪೀಟಾಡಲು ನಡೆದೇ ಹೋಗುತ್ತಿದ್ದರು. ಬೀದಿಗಳು ಈಗಲೂ ಅವೇ. ಗಾಡಿಗಳು ಹೆಚ್ಚಿ, ನೆರಳು ಕಡಮೆಯಾಗಿದೆ.