ಇನ್ನಾ ಹೊತ್ತದ

ಪಂಚಾಂಗವು ಉತ್ತರಾಯಣವನ್ನು ಮಕರ ಸಂಕ್ರಾಂತಿಯಂದು ಸಾರಿದರೂ, ಸೂರ್ಯನು ಅದಕ್ಕೆ ಮೂರು ವಾರ ಮುಂಚೆಯೇ, ಡಿಸೆಂಬರ್ 22ರ ಸುಮಾರಿಗೆ, ಬಡಗಣ ದಾರಿ ಹಿಡಿದಿರುತ್ತಾನೆ; ಆದರೆ ಯಾದಗಿರಿ, ಶಹಾಪುರಗಳ ಕಡೆಯ ಒಕ್ಕಲುಮಗನಿಗೆ ಇವೆರಡಕ್ಕಿಂತಲೂ ನಂಬುಗೆಯ ಪ್ರಮಾಣವೊಂದುಂಟು: ಹೊಲದ ಕೆಲಸ ಮುಗಿಸಿ ಮನೆಗೆ ಹೊರಟಾಗ ಹಾದಿ ಕಣ್ಣಿಗೆ ಕಾಣುತ್ತಿದೆಯೋ ಇಲ್ಲವೋ ಎಂಬುದು. ನವೆಂಬರಿನ ಕೊನೆಗೆ 5.45ಕ್ಕೆಲ್ಲ ಮುಳುಗುತ್ತಿದ್ದ ಹೊತ್ತು ಫೆಬ್ರವರಿಯ ನಡುವಿಗೆ 6.20 ದಾಟುವವರೆಗೂ ನಿಲ್ಲುತ್ತದೆ. ಮುಂಜಾವಿಗೆ ಈ ಔದಾರ್ಯವಿಲ್ಲ. ಜನವರಿಯ ಮೂರನೆಯ ವಾರದವರೆಗೂ ಸೂರ್ಯೋದಯವು ತಡವಾಗುತ್ತಲೇ ಹೋಗುವುದರಿಂದ, ಮೊದಮೊದಲು ಬೆಳೆದ ಹಗಲೆಲ್ಲವೂ ಸಂಜೆಯ ಪಾಲಿಗೇ ಸಲ್ಲುತ್ತದೆ.

ಆ ಪಾಲನ್ನು ಅನುಭವಿಸಬೇಕಾದ ಸ್ಥಳ ಎರೆಹೊಲ. ಹಿಂಗಾರಿಯ ಬಿಳಿಜೋಳವು ಹಾಲುಗಾಳು ಕಟ್ಟಿ ನಿಂತಿರುವಾಗ, ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಆರುವ ಮೊದಲೇ ಕಂಬಳಿಯ ಮೇಲೆ ತಿಕ್ಕಿ, ಹೊಟ್ಟು ತೂರಿ, ಬೆಲ್ಲದ ಚೂರನ್ನೋ ಶೇಂಗಾ ಚಟ್ನಿಯನ್ನೋ ಕೂಡಿಸಿ ಅಂಗೈಗೆ ಸುರಿಯುವ ಆ ಸೀತನಿಯ ಸವಿಯು ಹಗಲಿನ ದೀರ್ಘತೆಗೆ ಎಷ್ಟು ಋಣಿಯೆಂಬುದನ್ನು, ಕತ್ತಲಾದೀತೆಂಬ ಅವಸರದಲ್ಲಿ ಅದನ್ನು ತಿಂದವರು ಬಲ್ಲರು. ಎದ್ದು ಹೊರಟ ಅತಿಥಿಯನ್ನು "ಇನ್ನಾ ಹೊತ್ತದ, ಕುಂದರ್ರಿ" ಎಂದು ತಡೆಯುವ ಮಾತು ಡಿಸೆಂಬರಿನಲ್ಲಿ ಬರಿಯ ಉಪಚಾರ, ಮಾಘದಲ್ಲಿ ಸತ್ಯ. ನಾರಾಯಣಪುರದ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರಗಳ ಎಷ್ಟೋ ಎರೆಯು ಭತ್ತದ ಗದ್ದೆಯಾಗಿದೆ. ಸಂಪತ್ತು ಬೆಳೆಯಿತೆಂಬುದು ನಿಜ. ಆದರೆ ಗದ್ದೆಯ ಬದುವಿನಲ್ಲಿ ಕುಳಿತವನಿಗೆ ಬಾಯಾಡಿಸಲು ಏನೂ ಇಲ್ಲವೆಂಬುದು ನನ್ನಂಥ ಜಿಹ್ವಾಲೋಲುಪನ ದೂರು.

ಲಿವರ್‌ಪೂಲಿನಲ್ಲಿ ಜನಿಸಿ, 1841ರಿಂದ ಹತ್ತಾರು ವರ್ಷ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು, ಚಳಿಗಾಲದ ಹಗಲು ಎಂಟು ಗಂಟೆಯನ್ನೂ ಮುಟ್ಟದ ನಾಡಿನವನು. ಹನ್ನೊಂದು ಗಂಟೆಗೆ ಕಡಿಮೆಯಾಗದ ನಮ್ಮ ಹಗಲು ಮತ್ತೆ ಮುಕ್ಕಾಲು ಗಂಟೆಯಷ್ಟು ಹಿಗ್ಗಿತೆಂದು ನಾವು ಸಂಭ್ರಮಿಸುವುದು ಅವನಿಗೆ ಲೋಭಿಯ ಲೆಕ್ಕವೆನಿಸಬಹುದಿತ್ತು. ಇರಲಿ, ಶಹಾಪುರದ ಗುಡ್ಡದಲ್ಲಿ ಮಲಗಿದಂತಿರುವ ಬುದ್ಧಾಕೃತಿಯ ಬಂಡೆಗಳ ಮೇಲೆ ಇಳಿಬಿಸಿಲು ಹಳದಿಯಿಂದ ಕೆಂಪಿಗೆ ತಿರುಗುವುದನ್ನು ಆತುರವಿಲ್ಲದೆ ನೋಡಲು ಅಷ್ಟೇ ಸಾಕು.

ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಮುಂದೆ ಈ ಪ್ರಶಂಸೆಯನ್ನು ನಾನು ಮಾಡಲಾರೆ. ಬೆಳಕಿರುವಷ್ಟು ಹೊತ್ತೂ ದುಡಿಯುವವರಿಗೆ ಹಗಲು ಬೆಳೆಯಿತೆಂದರೆ ದುಡಿತ ಬೆಳೆಯಿತೆಂದೇ ಅರ್ಥ. ತೆನೆಗೆರಗುವ ಹಕ್ಕಿಗಳನ್ನು ಓಡಿಸಲು ಕವಣೆ ಹಿಡಿದು ಅಟ್ಟಣೆಯ ಮೇಲೆ ನಿಂತ ಹುಡುಗನೂ ಹೊತ್ತು ಮುಳುಗುವವರೆಗೆ ಇಳಿಯುವಂತಿಲ್ಲ.

ಈ ಸುಖವು ಅಲ್ಪಾಯು. ಚಳಿಯು ಶಿವಶಿವಾ ಎಂದು ಹೊರಡುವ ಶಿವರಾತ್ರಿ ಬಂತೆಂದರೆ, ಬೋನಾಳದ ಕೆರೆಗೆ ಚಳಿಗಾಲಕ್ಕೆಂದು ಬಂದ ಹಕ್ಕಿಗಳು ಬಡಗಲಿಗೆ ಮರಳುವ ಸನ್ನಾಹದಲ್ಲಿರುತ್ತವೆ. ನಾವು ಬೇವಿನ ನೆರಳನ್ನು ಅರಸತೊಡಗುತ್ತೇವೆ. ಹಗಲು ಮಾತ್ರ ನಿಲ್ಲದೆ ಬೆಳೆದು ಜೂನಿನಲ್ಲಿ ಹದಿಮೂರು ಗಂಟೆಯನ್ನು ಮೀರುತ್ತದೆ. ಆಗ ಅದನ್ನು ಹೊಗಳುವವರು ಈ ಸೀಮೆಯಲ್ಲಿ ಒಬ್ಬರೂ ಸಿಗಲಾರರು.