ದಂಡದ ರಿಜಿಸ್ಟರು

ಹೊಗೆಸೊಪ್ಪಿನ ವಾಸನೆ ಹೊಡೆಯುವ ಪುಸ್ತಕವನ್ನು ನೀವು ಕೈಯಲ್ಲಿ ಹಿಡಿದಿರಲಾರಿರಿ. ನಾನು ಹಿಡಿದಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲೇ ನನ್ನ ಗ್ರಂಥಪಾಲಕ ವೃತ್ತಿಯ ಬಹುಭಾಗ ಸವೆಯಿತು. ವರ್ಗವಾದಾಗಲೆಲ್ಲ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಬಸ್ಸು ಹತ್ತುತ್ತಿದ್ದೆ. ಊರು ಬದಲಾದರೂ ಬೀರುವಿನ ಬೀಗದ ಕೈಗೊಂಚಲಿನ ತೂಕ ಮಾತ್ರ ಬದಲಾಗುತ್ತಿರಲಿಲ್ಲ.

ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದನ್ನೇ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದಿಟ್ಟರು. ಅವರ ಐದೂ ಸೂತ್ರಗಳನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಕೆಲಸಕ್ಕೆ ಸೇರಿದ ಮೇಲೆ ಮೊದಲು ಕೊಂಡದ್ದು ಹೊಸ ಬೀಗ! ಕಳೆದುಹೋದ ಪುಸ್ತಕದ ಬೆಲೆ ಕೊನೆಗೆ ನನ್ನ ಸಂಬಳದಲ್ಲೇ ಮುರಿದುಹೋದೀತೆಂಬ ಹೆದರಿಕೆ. ಹೆದರಿದ ಗ್ರಂಥಪಾಲಕನಿಗೂ ಉಗ್ರಾಣದ ಕಾವಲುಗಾರನಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ಈಗ ಹೇಳಹೊರಟಿರುವುದು ಆ ನಾಲ್ಕರಲ್ಲಿ ಒಂದು ಊರಿನ ಸಂಗತಿ. ಕಾಲೇಜಿನ ಹೆಸರು ಬೇಡ, ತಪ್ಪು ನನ್ನದು. 1992ರ ಜುಲೈನಲ್ಲಿ ಎರಡನೆಯ ಬಿ.ಎ. ಹುಡುಗನೊಬ್ಬ ಒಂದು ಚರಿತ್ರೆ ಪುಸ್ತಕ ಒಯ್ದ. ಹದಿನೈದು ದಿನಕ್ಕೆ ಹಿಂದಿರುಗಿಸಬೇಕಾದವನು ಬಂದದ್ದು ಸೆಪ್ಟೆಂಬರಿನಲ್ಲಿ. ದಿನಕ್ಕೆ 25 ಪೈಸೆಯಂತೆ 56 ದಿನಕ್ಕೆ 14 ರೂಪಾಯಿ ದಂಡ.

"ಯಜಮಾನ್ರ ಬ್ಯಾರನ್‌ತಾವ ಬೆಂಕಿ ನೋಡ್ಕತಿದ್ದೆ ಸಾ, ಬರಕ್ಕಾಗ್ನಿಲ್ಲ" ಎಂದ.

"ರೂಲ್ಸು ಎಲ್ಲರಿಗೂ ಒಂದೇ ಕಣಪ್ಪ" ಎಂದೆ.

ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟು ಹೋದ. ಅವನ ಹೆಸರಿನ ಮುಂದೆ 'ಪುಸ್ತಕ ಕೊಳೆಯಾಗಿದೆ' ಎಂದೂ ಬರೆದೆ. ಸಂಜೆ ಪುಸ್ತಕವನ್ನು ಬೀರುವಿಗೆ ಸೇರಿಸುವಾಗ ಸುಮ್ಮನೆ ಪುಟ ತಿರುವಿದೆ. ಹಸಿ ಹೊಗೆಸೊಪ್ಪನ್ನು ಕಿತ್ತು ಕಡ್ಡಿಗೆ ಕಟ್ಟುವವರ ಕೈಗೆ ಕಪ್ಪು ಅಂಟು ಹತ್ತುತ್ತದೆ, ಸೋಪು ಹಾಕಿ ಉಜ್ಜಿದರೂ ಬೇಗ ಬಿಡದು. ಆ ಕಪ್ಪು ಹೆಬ್ಬೆರಳು ಮೊದಲ ಪುಟದಿಂದ ಕೊನೆಯ ಪುಟದವರೆಗೂ ಮೂಡಿತ್ತು. ನಮ್ಮಲ್ಲಿ ಆ ಪುಸ್ತಕವನ್ನು ಪೂರ್ತಿ ಓದಿದವನು ಬಹುಶಃ ಅವನೊಬ್ಬನೇ.

ಆಮೇಲೆ ಅವನು ಲೈಬ್ರರಿಗೆ ಬರಲಿಲ್ಲ. ಮರುವರ್ಷ ಕಾಲೇಜಿಗೂ ಬರಲಿಲ್ಲ. 14 ರೂಪಾಯಿಗಾಗಿಯೇ ಬಿಟ್ಟನೆಂದು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ.

ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲವೆಂದರೆ ವರ್ಜೀನಿಯಾ ಸೊಪ್ಪು ಬೇಯಿಸುವ ಕಾಲ. ಒಮ್ಮೆ ಬ್ಯಾರನ್ ತುಂಬಿ ಬೆಂಕಿ ಹಾಕಿದರೆ ಐದಾರು ದಿನ ಹಗಲಿರುಳು ಶಾಖ ಹದದಲ್ಲಿರಬೇಕು. ಕಡಿಮೆಯಾದರೆ ಬಣ್ಣ ಕೆಡುತ್ತದೆ, ಜಾಸ್ತಿಯಾದರೆ ಸೊಪ್ಪೇ ಸುಟ್ಟುಹೋಗುತ್ತದೆ. ಒಲೆಯ ಮುಂದೆ ಯಾರಾದರೂ ಎಚ್ಚರವಿರಲೇಬೇಕು. ಬ್ಯಾರನ್ ಇದ್ದವರ ಮಕ್ಕಳು ಮೈಸೂರಿನ ಕಾಲೇಜುಗಳಲ್ಲಿ, ಎಚ್ಚರವಿರುವವರ ಮಕ್ಕಳು ನಮ್ಮಲ್ಲಿ. ಇಷ್ಟು ವರ್ಷ ಅಲ್ಲೇ ಇದ್ದ ನನಗೆ ಇದು ತಿಳಿಯದ್ದೇನಲ್ಲ. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ ಅಷ್ಟೆ.

ಮುಂದಿನ ಊರಿನಲ್ಲಿ ಪ್ರಾಂಶುಪಾಲರ ಬಾಯಿಮಾತಿನ ಒಪ್ಪಿಗೆ ಪಡೆದು ಜುಲೈನಿಂದ ಅಕ್ಟೋಬರವರೆಗೆ ದಂಡ ಕೈಬಿಟ್ಟೆ. ಕಥೆ, ಕಾದಂಬರಿಯ ಎರಡು ಬೀರುಗಳ ಬೀಗ ತೆಗೆದೆ. ವರ್ಷದ ಕೊನೆಯ ಎಣಿಕೆಯಲ್ಲಿ ಹನ್ನೊಂದು ಪುಸ್ತಕ ಇರಲಿಲ್ಲ. ನನಗೊಂದು ಮೆಮೊ ಬಂತು. ಹನ್ನೊಂದರಲ್ಲಿ ಮೂರು 'ವೈಶಾಖ'ದ ಪ್ರತಿಗಳು! 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಕಾದಂಬರಿಯ ಚದುರಂಗರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ದೇವರಾಜ ಅರಸರ ಊರಿನವರೇ ಎಂದು ನಾನೇ ಹುಡುಗರಿಗೆ ಹೇಳಿದ್ದೆ. ಕದ್ದವರ ಮೇಲೆ ಸಿಟ್ಟು ಬರಲಿಲ್ಲ.

ಕೆ.ಆರ್. ನಗರದ್ದು ಬೇರೆ ಕಥೆ. ಅದು ಕಾವೇರಿ ನಾಲೆಯ ಭತ್ತದ ಸೀಮೆ. ಅಲ್ಲಿ ತೊಡಕಾಗಿದ್ದದ್ದು ಬಸ್ಸು. ಕೊನೆಯ ಪಿರಿಯಡ್ ಮುಗಿದು ನಾನು ಪುಸ್ತಕ ಕೊಡಲು ಕುಳಿತುಕೊಳ್ಳುವ ಹೊತ್ತಿಗೆ ಹಳ್ಳಿ ಹೆಣ್ಣುಮಕ್ಕಳ ಬಸ್ಸು ಹೊರಟಿರುತ್ತಿತ್ತು. ಪುಸ್ತಕ ಕೊಡುವ ಹೊತ್ತನ್ನು ಬೆಳಿಗ್ಗೆಗೆ ತಂದೆ. ಕಾರ್ಡುಗಳಲ್ಲಿ ಹೆಣ್ಣುಮಕ್ಕಳ ಹೆಸರು ತುಂಬತೊಡಗಿದವು. ಹೆಣ್ಣುಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ಅದುವರೆಗೆ ಸ್ಟಾಫ್‌ರೂಮಿನಲ್ಲಿ ನಾವೆಲ್ಲ ಗಂಭೀರವಾಗಿ ಮಾತಾಡಿಕೊಂಡಿದ್ದೆವು.

ಎಚ್.ಡಿ. ಕೋಟೆಗೆ ಹೋಗುವ ಹೊತ್ತಿಗೆ ನಿವೃತ್ತಿ ಹತ್ತಿರವಾಗಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಗೆ 2008ರಲ್ಲಿ ನಿಯಮಗಳು ಬಂದಿದ್ದವು. ಒಂದು ಮಧ್ಯಾಹ್ನ ಜೇನುಕುರುಬರ ಹಾಡಿಯ ಯುವಕನೊಬ್ಬ ಬಾಗಿಲಲ್ಲಿ ನಿಂತ. ಒಂದು ವರ್ಷ ಪಿಯುಸಿ ಓದಿ ಬಿಟ್ಟವನಂತೆ.

"ಕಾಡಿನ ಹಕ್ಕಿಂದು ಕಾನೂನು ಪುಸ್ತಕ ಐತಾ ಸಾ?"

ಇತ್ತು. ಇಬ್ಬರೂ ಕೂತು ಓದಿದೆವು. ಅರ್ಜಿಯನ್ನು ಮೊದಲು ನೋಡಬೇಕಾದದ್ದು ಗ್ರಾಮಸಭೆ. ಸಾಕ್ಷ್ಯವೆಂದರೆ ಕಾಗದಪತ್ರವೇ ಆಗಬೇಕಿಲ್ಲ. ಬಾವಿ, ಸಮಾಧಿ, ದೇವರ ಜಾಗ ಇವೂ ಆಗುತ್ತವೆ. ಅರ್ಜಿದಾರನಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಆಗುತ್ತದೆ. ಅಲ್ಲಿ ಅವನು ತಡೆದ.

"ಅಜ್ಜಿ ಹೇಳದ್ನ ಬರ್ಕಂಡ್ರೂ ನಡೀತದಾ?"

"ನಡೆಯುತ್ತೆ. ಅದೊಂದೇ ಸಾಲದು, ಜೊತೆಗೆ ಇನ್ನೊಂದು ಸಾಕ್ಷ್ಯ ಬೇಕು."

"ಸಮಾಧಿ ಅವೆ ಸಾ. ದೇವ್ರೂ ಅಲ್ಲೇ ಐತೆ."

ಅವನು ಆಗ ನಮ್ಮ ವಿದ್ಯಾರ್ಥಿಯಲ್ಲ, ಕಾರ್ಡಿಲ್ಲ. ಹೊರಗಿನವರಿಗೆ ಪುಸ್ತಕ ಕೊಡುವ ಹಾಗೂ ಇಲ್ಲ. ನನ್ನ ಹೆಸರಿನಲ್ಲೇ ಬರೆದುಕೊಂಡು ಕೊಟ್ಟೆ. ಮತ್ತೆ ಬಂದಾಗ ಗಡುವು ಕಳೆದು ಇಪ್ಪತ್ತು ದಿನವಾಗಿತ್ತು. ಹಾಡಿಯಲ್ಲಿ ಮೂರು ಸಂಜೆ ಅದನ್ನು ಜೋರಾಗಿ ಓದಿದರಂತೆ.

"ದಂಡ ಎಷ್ಟಾಯ್ತು ಸಾ?" ಎನ್ನುತ್ತ ಜೇಬಿಗೆ ಕೈ ಹಾಕಿದ.

ಸಾಕ್ಷ್ಯದ ಮಾತಿದ್ದ ಪುಟದಲ್ಲಿ ಗುರುತಿಗೆಂದು ಒಂದು ಬಸ್ ಟಿಕೆಟ್ಟು ಇಟ್ಟಿದ್ದ. ಅದನ್ನು ತೆಗೆಯದೆ ಪುಸ್ತಕವನ್ನು ಹಾಗೆಯೇ ಬೀರುವಿಗೆ ಸೇರಿಸಿದೆ.